ಶಾಲೆಯಲ್ಲೊಂದು ತಂತ್ರಜ್ಞಾನ ಸಂಘ



ಮಕ್ಕಳ ತಂತ್ರಜ್ಞಾನ ಸಂಘವೆಂದರೆ ವಿಜಯಪುರ ಶಹರದ ಶಾಲೆಗಳಿಗೆ ಮಾತ್ರವೆಂದು ತಿಳಿಯಬೇಡಿರಿ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ನೆರವು ದೊರೆತಿದೆ. ಅದು ಸಿಗದಿದ್ದರೂ ತಿಕೋಟಾ, ಬಬಲೇಶ್ವರದ ಹಳ್ಳಿಶಾಲೆ ಒಂದು ಡಬ್ಬಿಯಿಂದ ಸಂಘ ಆರಂಭಿಸಬಹುದು.

ನಾನು ಮೊದಲು ಯಂತ್ರಮಾನವನ ಮಾತೆತ್ತಿ ಕೆಟ್ಟೆ. ಎರಡೇ ವಾರಕ್ಕೆ ಮಕ್ಕಳು ಚದುರಿದರು. ಆಮೇಲೆ ನೆಟ್ಟನೆಯ ಬದಿಯ ಡಬ್ಬಿಯನ್ನು ಬಯಲಲ್ಲಿ ಇಡಿಸಿ, ದಿನಾಲು ಮುಂಜಾನೆ ಎಂಟೂವರೆಗೆ ಮಳೆ ಅಳೆದು ವಹಿಯಲ್ಲಿ ಬರೆಸಿದೆ. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು! ಈಗ ಹಿರಿಯರೇ ದ್ರಾಕ್ಷಿ ಪಡಕ್ಕೆ ಮೋಟರು ಹಚ್ಚುವ ಮುನ್ನ ಆ ವಹಿ ಕೇಳುತ್ತಾರೆ.

ಶನಿವಾರ ಶಾಲೆ ಬಿಟ್ಟೊಡನೆ ಮಕ್ಕಳನ್ನು ಹೊಲಕ್ಕೆ ಕರೆಯದೆ ಒಂದು ತಾಸು ಸಂಘಕ್ಕೆ ಬಿಡಿರಿ, ಹೆಣ್ಣುಮಕ್ಕಳನ್ನೂ. ಕೆಟ್ಟ ಟಾರ್ಚು, ರೇಡಿಯೋ ಇದ್ದರೆ ಬಿಚ್ಚಿ ನೋಡಲು ಕೊಡಿರಿ. ಮೋಟರಿನ ಸ್ಟಾರ್ಟರು ಮಾತ್ರ ಬೇಡ.