ಮೂಕಪ್ರಾಣಿಗಳ ನೋವು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕನ್ನಡ ಮನೆಗಳವರಾದ ನಾವು ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು. ಕಥೆಯ ಹಸು ಮಾತನಾಡುತ್ತದೆ. ನಮ್ಮ ಕೊಟ್ಟಿಗೆಯ ಎತ್ತು ಮಾತನಾಡದು. ಮಾತಿಲ್ಲದ ಮಾತ್ರಕ್ಕೆ ನೋವಿಲ್ಲವೆನ್ನಬಹುದೆ?

ನೋವನ್ನು ಗ್ರಹಿಸುವ ನರಗಳು, ಅದನ್ನು ಮಿದುಳಿಗೊಯ್ಯುವ ಬೆನ್ನುಹುರಿ ನಮ್ಮಂತೆಯೇ ದನಕರುಗಳಿಗೂ ಉಂಟು. ಆದರೆ ಬೇಟೆಗೆ ಗುರಿಯಾಗುವ ಪ್ರಾಣಿ ತನ್ನ ನಿಶ್ಶಕ್ತಿಯನ್ನು ಸುಲಭವಾಗಿ ತೋರಗೊಡದು. ಮೇವು ಬಿಡುವುದು, ಮೆಲುಕು ನಿಲ್ಲಿಸುವುದು, ಕಾಲೆಳೆಯುವುದು—ಇವೇ ಅದರ ಮಾತು. ಮರುಕದ ವಿಷಯ ಇಷ್ಟು ನಿಶ್ಚಿತವಲ್ಲ. 2011ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳು ಸೆರೆಸಿಕ್ಕ ಜೊತೆಗಾರ ಇಲಿಯನ್ನು ಬಾಗಿಲು ತೆರೆದು ಬಿಡಿಸಿದವು. ಅದು ನಮ್ಮಂಥದೇ ಮರುಕವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎತ್ತಿನ ನೋವನ್ನು ತಗ್ಗಿಸಲು ಆ ಚರ್ಚೆ ಮುಗಿಯುವ ತನಕ ಕಾಯಬೇಕಿಲ್ಲ.

1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಡಿ 1965ರಲ್ಲಿ ಬಂದ ನಿಯಮಗಳು, ದಿನಕ್ಕೆ 9 ಗಂಟೆ ಮೀರಿ, ಬಿಡುವಿಲ್ಲದೆ 5 ಗಂಟೆ ಮೀರಿ ಎತ್ತನ್ನು ಗಾಡಿಗೆ ಹೂಡಬಾರದೆನ್ನುತ್ತವೆ. ಉಷ್ಣತೆ 37 ಡಿಗ್ರಿ ಮೀರುವೆಡೆ ಮಧ್ಯಾಹ್ನ 12ರಿಂದ 3ರ ವರೆಗೆ ಹೂಡಲೇಬಾರದು. ಮುಳ್ಳುಗೋಲೂ ನಿಷಿದ್ಧ. ನಮ್ಮ ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಿಲ್ಲ.

ಕಾರಹುಣ್ಣಿಮೆಯಂದು ಕೊಂಬಿಗೆ ಬಣ್ಣ ಬಳಿದು ಪೂಜಿಸಿ, ಮರುದಿನ ಹೆಗಲ ಹುಣ್ಣಿನ ಮೇಲೆಯೇ ನೊಗವಿಟ್ಟರೆ ಆ ಪೂಜೆಗೆ ಅರ್ಥವೇನು? ನೊಗವಿಡುವ ಮುನ್ನ ಹೆಗಲನ್ನು ಮುಟ್ಟಿ ನೋಡುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಪುಣ್ಯಕೋಟಿಯ ಕಥೆ ಕೇಳಿದವರಿಗೆ ಅದೇ ಒಪ್ಪುವ ನಡತೆ.