ಎಣಿಕೆಗೆ ಸಿಗದವರು
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಸಾಹಿತ್ಯದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕಂಪ್ಯೂಟರ್ ಲಕ್ಷ ಹೆಸರುಗಳನ್ನು ಕ್ಷಣದಲ್ಲಿ ಎಣಿಸುತ್ತದೆ. ಆದರೆ ಎಣಿಸುವುದು ಬೇರೆ, ನೆನೆಯುವುದು ಬೇರೆ.

ಹೊಳೆಯ ಆಚೆ ದಡದ ಸುಲ್ತಾನ್ ಬತ್ತೇರಿಯನ್ನು ನಾವೆಲ್ಲ ನೋಡುತ್ತಲೇ ಬೆಳೆದವರು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದೆಂದು ಪಾಠದಲ್ಲಿ ಓದಿದ್ದೇವೆ. ಅದೇ ವರ್ಷ ಈ ಕರಾವಳಿಯ ಕ್ರೈಸ್ತರನ್ನು, ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಮನೆಮಠ ಬಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮಿಲಾಗ್ರಿಸ್ ಸೇರಿ ಹಲವು ಇಗರ್ಜಿಗಳು ನೆಲಸಮವಾದವು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಜನ ಸತ್ತರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು ಟಿಪ್ಪು ಮಡಿದ 1799ರಲ್ಲಿ.

ಇದನ್ನು ನರಮೇಧ ಎನ್ನಬೇಕೇ ಎಂದು ಇತಿಹಾಸಕಾರರು ಚರ್ಚಿಸುತ್ತಾರೆ. ಒಯ್ದವರ ಸಂಖ್ಯೆ 30,000 ಎಂದು ಒಬ್ಬರು, 80,000 ಎಂದು ಇನ್ನೊಬ್ಬರು ಬರೆದಿದ್ದಾರೆ. ನಡುವಿನ ವ್ಯತ್ಯಾಸವೇ ಐವತ್ತು ಸಾವಿರ. ನನ್ನ ಕೆಲಸದಲ್ಲಾದರೆ ಅದನ್ನು ಲೆಕ್ಕದ ತಪ್ಪೆಂದು ತಿದ್ದುತ್ತೇವೆ. ಇಲ್ಲಿ ಆ ವ್ಯತ್ಯಾಸದೊಳಗೆ ತಾಯಂದಿರಿದ್ದಾರೆ, ಹಾಲು ಕುಡಿಯುವ ಕೂಸುಗಳಿದ್ದಾವೆ. ಹೆಚ್ಚಿನವರ ಹೆಸರು ಯಾವ ದಫ್ತರದಲ್ಲೂ ಇಲ್ಲ.

ಈ ಕೊರತೆಯನ್ನು ತುಂಬಲು ಹೊರಟದ್ದು ಸಾಹಿತ್ಯ. 'ಖಡಾಪ್' ಎಂದೇ ಹೆಸರಾದ ವಿ.ಜೆ.ಪಿ. ಸಲ್ಡಾನ್ಹಾ ಆ ಸೆರೆಯ ಕಾಲವನ್ನು ಕೊಂಕಣಿ ಕಾದಂಬರಿಗಳಲ್ಲಿ ತಂದರು. ಕಾದಂಬರಿ ಇತಿಹಾಸದ ಸಾಕ್ಷ್ಯವಲ್ಲ, ನಿಜ. ಆದರೆ ಹೆಸರಿಲ್ಲದವರಿಗೆ ಅದು ಹೆಸರು, ಮನೆ, ಮಾತು ಕೊಡುತ್ತದೆ.

ದೂರದ ಉದಾಹರಣೆಯೊಂದಿದೆ. ಹಿಟ್ಲರನ ಕಾಲದಲ್ಲಿ ಸುಮಾರು 60 ಲಕ್ಷ ಯಹೂದಿಗಳ ಹತ್ಯೆಯಾಯಿತು. 60 ಲಕ್ಷ ನಮ್ಮ ಕಲ್ಪನೆಗೆ ಎಟುಕದು. ಆದರೆ ಆನ್ ಫ್ರಾಂಕ್ ಎಂಬ ಹುಡುಗಿ ಎಟುಕುತ್ತಾಳೆ. 1942ರಲ್ಲಿ, ಹದಿಮೂರು ತುಂಬಿದಾಗ ದಿನಚರಿ ಶುರುಮಾಡಿದಳು. ಹದಿನೈದಕ್ಕೆ ಸೆರೆಶಿಬಿರದಲ್ಲಿ ತೀರಿಹೋದಳು. ಮಕ್ಕಳೇ, ಅದು ನಿಮ್ಮ ಹತ್ತನೇ ತರಗತಿಯ ವಯಸ್ಸು. ಆ ದಿನಚರಿಯನ್ನು ಇಂದು ಜರ್ಮನಿಯ ಶಾಲೆಗಳಲ್ಲೂ ಮಕ್ಕಳು ಓದುತ್ತಾರೆ. ಅಜ್ಜಂದಿರ ಕಾಲದ ಪಾಪವನ್ನು ಆ ಮಕ್ಕಳ ತಲೆಗೆ ಕಟ್ಟಲು ಅಲ್ಲ, ಮತ್ತೆ ಹಾಗಾಗದಿರಲಿ ಎಂದು.

ಈ ಮಾತು ನಮ್ಮ ಕರಾವಳಿಗೂ ಬೇಕು. 1784ರ ನೋವನ್ನು ಇಂದಿನ ನೆರೆಮನೆಯವರ ಮೇಲೆ ಎಸೆಯುವ ಕಲ್ಲಾಗಿ ಬಳಸುವವರಿದ್ದಾರೆ. ಹಾಗೇನೂ ನಡೆದೇ ಇಲ್ಲ ಎನ್ನುವವರೂ ಇದ್ದಾರೆ. ಇಬ್ಬರಿಗೂ ಸತ್ತವರ ಚಿಂತೆಯಿಲ್ಲ. ಒಳ್ಳೆಯ ಕಥೆ ಇವೆರಡನ್ನೂ ಮಾಡುವುದಿಲ್ಲ. ಬ್ಯಾರಿ ಹುಡುಗ ಕ್ರೈಸ್ತ ತಾಯಿಯ ಕಥೆ ಓದಿ ಕಣ್ಣೊರೆಸಿಕೊಂಡರೆ, ಮೊಗವೀರರ ಹುಡುಗಿ ಆನ್ ಫ್ರಾಂಕ್‌ಗಾಗಿ ಮರುಗಿದರೆ, ಅದೇ ಸತ್ತವರಿಗೆ ಸಲ್ಲುವ ಗೌರವ.

ಆದ್ದರಿಂದ ಹಳೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶಾಲೆಗೆ ಕಂಪ್ಯೂಟರ್ ಕೊಡೋಣ, ಜೊತೆಗೆ ಗ್ರಂಥಾಲಯಕ್ಕೆ ಒಂದು ಕಪಾಟು ತುಂಬ ಇಂಥ ಪುಸ್ತಕಗಳನ್ನೂ ಕೊಡೋಣ. ಮಕ್ಕಳು ತಮ್ಮ ಅಜ್ಜ ಅಜ್ಜಿಯರ ನೆನಪುಗಳನ್ನು ತುಳು, ಬ್ಯಾರಿ, ಕೊಂಕಣಿ, ಯಾವ ಭಾಷೆಯಲ್ಲಾದರೂ ಬರೆದಿಡಲಿ. ಬರೆದಿಡದ ನೆನಪು ಒಂದೆರಡು ತಲೆಮಾರಿನಲ್ಲೇ ಅಳಿಸಿಹೋಗುತ್ತದೆ.