ಬಿಸಿಲು ಬರೆದ ಸುಕ್ಕು

‘ನನ್ನ ಕೂದಲು ಬಿಸಿಲಿಗೆ ಬೆಳ್ಳಗಾದದ್ದಲ್ಲ’ ಎಂದು ಹಿರಿಯರು ಹೇಳುವುದುಂಟು. ಕೂದಲಿನ ಮಟ್ಟಿಗೆ ಆ ಮಾತು ಸರಿ. ಮುಖದ ಸುಕ್ಕಿನ ಕಥೆ ಮಾತ್ರ ಬೇರೆ.

ದೆಹಲಿಯಲ್ಲಿ ನಾನು ಆಗಾಗ ಹತ್ತುವ ಟ್ಯಾಕ್ಸಿಯ ಚಾಲಕರು ಇಪ್ಪತ್ತು ವರ್ಷದಿಂದ ನೊಯ್ಡಾ, ಗುರುಗ್ರಾಮ ಸುತ್ತುತ್ತಿದ್ದಾರೆ. ಅವರ ಎಡಗೆನ್ನೆಗಿಂತ ಕಿಟಕಿಯ ಕಡೆಯ ಬಲಗೆನ್ನೆಯಲ್ಲಿ ಗೆರೆಗಳು ಹೆಚ್ಚು. ಅಮೆರಿಕದಲ್ಲಿ 28 ವರ್ಷ ಲಾರಿ ಓಡಿಸಿದ 69 ವರ್ಷದ ಒಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅಲ್ಲಿ ಚಾಲಕರು ಕೂರುವುದು ಎಡಗಡೆ. ಸುಕ್ಕುಗಟ್ಟಿ ಜೋತುಬಿದ್ದದ್ದೂ ಅವರ ಎಡಗೆನ್ನೆಯೇ.

ಇದು ನೇರಳಾತೀತ ಕಿರಣದ ಕೆಲಸ. ಅದರಲ್ಲಿ ‘ಬಿ’ ಬಗೆಯದು ಮೇಲ್ಚರ್ಮವನ್ನು ಸುಡುತ್ತದೆ. ಕಿಟಕಿಯ ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ‘ಎ’ ಬಗೆಯದು ಗಾಜನ್ನೂ ದಾಟಿ ಒಳಚರ್ಮಕ್ಕೆ ಇಳಿಯುತ್ತದೆ. ಒಳಚರ್ಮವನ್ನು ನಮ್ಮೂರಿನ ಹೊರಸು ಎಂದುಕೊಳ್ಳಿ. ಕೊಲಾಜೆನ್ ಎಂಬ ಪ್ರೋಟೀನು ಅದರ ಹಗ್ಗ, ಎಲಾಸ್ಟಿನ್ ಅದರ ಬಿಗಿ. ಬಿಸಿಲು ತಾಕಿದಾಗ ಆ ಹಗ್ಗ ಕತ್ತರಿಸುವ ಕಿಣ್ವಗಳು ಚರ್ಮದಲ್ಲೇ ಹೆಚ್ಚುತ್ತವೆ. ಹೊಸ ಹಗ್ಗ ಹೊಸೆಯುವ ಕೆಲಸ ಕುಂದುತ್ತದೆ. ಎಲಾಸ್ಟಿನ್ ಗಂಟುಗಟ್ಟಿ ಬಿಗಿ ಕಳೆದುಕೊಳ್ಳುತ್ತದೆ. ದಿನಕ್ಕೊಂದು ಎಳೆ ಕಡಿದರೂ ಸಾಕು, ಹೊರಸು ಒಂದು ದಿನ ಜೋತುಬೀಳುತ್ತದೆ. ನಮ್ಮ ಕಂದು ಮೈಬಣ್ಣ ಸ್ವಲ್ಪ ಕಾಯುತ್ತದೆ, ಪೂರ್ತಿ ಅಲ್ಲ.

ಬಿಸಿಲು ನಮ್ಮ ಹಗೆಯಲ್ಲ. ಡಿ ವಿಟಮಿನ್ ಕೊಡುವುದೂ ಅದೇ. ಆದರೆ ನಿಮ್ಮ ನೆರಳು ನಿಮಗಿಂತ ಗಿಡ್ಡವಾದ ಹೊತ್ತಿನಲ್ಲಿ ಕೊಡೆ, ತುಂಬುತೋಳಿನ ಅಂಗಿ, ಸನ್‌ಸ್ಕ್ರೀನ್ ಬೇಕು. ಇದು ಆಯ್ಕೆ ಇರುವವರ ಮಾತು. ತರಕಾರಿ ಗಾಡಿ ತಳ್ಳುವವರಿಗೆ, ಇಟ್ಟಿಗೆ ಹೊರುವವರಿಗೆ, ಮನೆಬಾಗಿಲಿಗೆ ಊಟ ತರುವ ಹುಡುಗರಿಗೆ ಹೊತ್ತು ನೋಡಿ ಹೊರಡುವ ಅನುಕೂಲ ಎಲ್ಲಿದೆ? ಅವರ ನೆರಳು ನಮ್ಮೆಲ್ಲರ ಹೊಣೆ.

ಇದೇ ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಅಶೋಕನ ಸ್ತಂಭವೊಂದಿದೆ. ಪ್ರಾಣಿಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರ ನೆಡಿಸಿದ್ದನ್ನು ಅದರಲ್ಲಿ ಕೊರೆಸಿದ್ದಾನೆ. ನಮ್ಮ ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ದಾರಿಯಲ್ಲಿ ನೆಟ್ಟದ್ದೂ ಆಲವನ್ನೇ. ಅರಸನಿಗೂ, ಮಕ್ಕಳಿಲ್ಲದ ಬಡ ಹೆಣ್ಣುಮಗಳಿಗೂ ಹೊಳೆದದ್ದು ಒಂದೇ ಕೆಲಸ.

ಮರ ಬೆಳೆಯಲು ವರ್ಷಗಳು ಬೇಕು. ಇವತ್ತು ಬಾಗಿಲಿಗೆ ಬಂದವರನ್ನು ಬಿಸಿಲಲ್ಲಿ ನಿಲ್ಲಿಸದೆ ಒಳಗೆ ಕರೆದು ನೀರು ಕೊಡೋಣ. ಆ ಗಳಿಗೆಯ ನೆರಳು ಅವರ ಹೊರಸಿನ ಒಂದೆಳೆಯನ್ನಾದರೂ ಉಳಿಸೀತು.